ನಿತ್ಯದ ನೋಟದ ಛಾಯಾಚಿತ್ರ: ಊರನ್ನು ಓದುವ ಪಾಠ

2023ರ ಜೂನ್ ತಿಂಗಳಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯೊಂದನ್ನು ಕೆಡವಲಾಯಿತು. ವಿಮಾನಗಳ ಹಾರಾಟಕ್ಕೆ ಅದು ಅಡ್ಡಿಯಾಗುತ್ತದೆಂಬುದು ಕಾರಣವಾಗಿತ್ತು. ಅದು ನೆಲಕ್ಕುರುಳಿದ ಕೆಲವೇ ಕ್ಷಣಗಳನ್ನು ಬಹಳಷ್ಟು ಜನರು ಮೊಬೈಲಿನಲ್ಲಿ ಸೆರೆಹಿಡಿದರು. ಆದರೆ ಆ ಚಿಮಣಿ ಸುಮ್ಮನೆ ನಿಂತಿದ್ದ ದಿನಗಳಲ್ಲಿ ಹೊಲದ ಬದುವಿನಿಂದ, ಮನೆಯ ಮಾಳಿಗೆಯಿಂದ, ಶಾಲೆಯ ಅಂಗಳದಿಂದ ಹೇಗೆ ಕಾಣುತ್ತಿತ್ತು ಎಂಬುದರ ಚಿತ್ರ ಎಷ್ಟು ಜನರ ಬಳಿ ಇದ್ದೀತು? ಬಿದ್ದ ದಿನ ಅದು ಸುದ್ದಿಯಾಯಿತು. ಅದಕ್ಕೂ ಮುಂಚೆ ಅದು ದಿನವೂ ಕಾಣುವ ವಸ್ತುವಾಗಿತ್ತು, ಆದ್ದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಊರುಗಳಲ್ಲಿ ಹೀಗೆ ಕಣ್ಣಿಗೆ ಬೀಳದೆ ಉಳಿದ ವಸ್ತುಗಳು ಸಾವಿರಾರು. ಅಂಗಡಿಯ ಮೇಲೆ ಕೈಯಿಂದ ಬರೆದ ಹಳೆಯ ಫಲಕ, ಮನೆಯ ಮುಂದಿನ ಕಟ್ಟೆ, ಬಾಗಿಲಿನ ಚೌಕಟ್ಟಿನ ಮೇಲಿನ ಕೆತ್ತನೆ, ಓಣಿಯ ಮೂಲೆಯ ಹಿಟ್ಟಿನ ಗಿರಣಿ, ಗೋಡೆಯೊಳಗಿಂದ ಬೆಳೆದು ಬಂದ ಅರಳಿಗಿಡ ಇವೆಲ್ಲ ಅಂಥವು. ಇವನ್ನು ಗಮನಿಸಿ ಛಾಯಾಚಿತ್ರ ತೆಗೆಯುವುದನ್ನೂ, ತೆಗೆದ ಚಿತ್ರಕ್ಕೆ ಕನ್ನಡದಲ್ಲಿ ಅಡಿಬರಹ ಬರೆಯುವುದನ್ನೂ ತರಗತಿಯ ಚಟುವಟಿಕೆಯಾಗಿ ಹೇಗೆ ರೂಪಿಸಬಹುದೆಂಬುದು ಈ ಲೇಖನದ ವಿಷಯ. ಸೊಲ್ಲಾಪುರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅಕ್ಕಲಕೋಟೆ, ಜತ್ತ ಮೊದಲಾದ ಊರುಗಳ ಶಿಕ್ಷಕರು ತಮ್ಮ ತಮ್ಮ ಪರಿಸರಕ್ಕೆ ಇದನ್ನು ಹೊಂದಿಸಿಕೊಳ್ಳಬಹುದು.

ಈ ಚಟುವಟಿಕೆ ನಮ್ಮ ಶಾಲೆಗಳಿಗೆ ವಿಶೇಷವಾಗಿ ಬೇಕಾಗಿದೆ. ಬಾಲಭಾರತಿಯು ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಆದರೆ ಯಾವ ಪಠ್ಯಪುಸ್ತಕವೂ ಪ್ರತಿಯೊಂದು ಓಣಿಯನ್ನು ತನ್ನೊಳಗೆ ಇಟ್ಟುಕೊಳ್ಳಲಾರದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಮನೆಯಲ್ಲಿ ತೆಲುಗು ಅಥವಾ ಉರ್ದು ಕೇಳುತ್ತ ಬೆಳೆಯುವ ಮಗು ತನ್ನ ಸುತ್ತಲಿನ ವಸ್ತುಗಳನ್ನು ಚೆನ್ನಾಗಿ ಬಲ್ಲದು. ಅವುಗಳ ಬಗ್ಗೆ ಕನ್ನಡದಲ್ಲಿ ನಾಲ್ಕು ವಾಕ್ಯ ಬರೆಯುವ ಸಂದರ್ಭ ಮಾತ್ರ ಅದಕ್ಕೆ ಅಪರೂಪ. ಬರೆಯುವ ಅಭ್ಯಾಸವಿಲ್ಲದಿದ್ದರೆ ಕನ್ನಡವು ಪುಸ್ತಕದೊಳಗಿನ ದೂರದ ಊರುಗಳ ಭಾಷೆ, ತನ್ನ ಊರಿಗೆ ಅದು ಸಾಲದು ಎಂಬ ಭಾವನೆ ಮಗುವಿನಲ್ಲಿ ಸದ್ದಿಲ್ಲದೆ ಬೇರೂರುತ್ತದೆ. ಈ ಭಾವನೆ ಬೇರೂರಿದ ಮೇಲೆ ಅದನ್ನು ಕೀಳುವುದು ಕಷ್ಟ.

ಹಿಂದೆ ಈ ಕೆಲಸ ಮಾಡಿದವರು

ದಿನನಿತ್ಯದ ನೋಟಗಳನ್ನು ಜೀವಮಾನವಿಡೀ ಚಿತ್ರಿಸಿದವರಲ್ಲಿ ಫ್ರಾನ್ಸ್ ದೇಶದ ಯೂಜೀನ್ ಅಟ್ಜೆ (1857–1927) ಪ್ರಮುಖರು. ಅವರು ಮರದ ದೊಡ್ಡ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ಪ್ಯಾರಿಸ್ ನಗರದ ಹಳೆಯ ಬೀದಿಗಳಲ್ಲಿ ತಿರುಗಿದರು. ಅರಮನೆಗಳಿಗಿಂತ ಹೆಚ್ಚಾಗಿ ಅಂಗಡಿಗಳ ಮುಂಭಾಗ, ಮೆಟ್ಟಿಲು, ಬಾಗಿಲ ಚಿಲಕ, ಒಳ ಅಂಗಳ, ಬೀದಿ ವ್ಯಾಪಾರಿ, ಕುಶಲಕರ್ಮಿ ಇವು ಅವರ ವಸ್ತುಗಳಾದವು. ತಾವು ಕಲಾವಿದರಿಗೆ ಬೇಕಾಗುವ ಆಕರಗಳನ್ನು ಒದಗಿಸುವವರು ಎಂದೇ ಅವರು ಹೇಳಿಕೊಳ್ಳುತ್ತಿದ್ದರು. 1920ರಲ್ಲಿ ಫ್ರಾನ್ಸ್ ಸರ್ಕಾರವು ಅವರ 2,600ಕ್ಕೂ ಹೆಚ್ಚು ಗಾಜಿನ ಮೂಲಪ್ರತಿಗಳನ್ನು ಕೊಂಡುಕೊಂಡಿತು.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಅಂಶವೊಂದಿದೆ. ಅಟ್ಜೆ ತಮ್ಮ ಮೂಲಪ್ರತಿಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದರು. ಮುದ್ರಿಸಿದ ಚಿತ್ರದ ಹಿಂಬದಿಯಲ್ಲಿ ಸ್ಥಳದ ಹೆಸರನ್ನು ಪೆನ್ಸಿಲಿನಿಂದ ಬರೆಯುತ್ತಿದ್ದರು. ಇದು ಯಾವ ಬೀದಿ, ಯಾವ ಮನೆ ಎಂಬುದು ಇಂದಿಗೂ ತಿಳಿಯುವುದರಿಂದಲೇ ಅವು ಒಂದು ನಗರದ ಇತಿಹಾಸವನ್ನು ಅರಿಯಲು ನೆರವಾಗುತ್ತಿವೆ. ಹೆಸರು ಬರೆಯದಿದ್ದರೆ ಅವು ಯಾವುದೋ ಬೀದಿಯ ಸೊಗಸಾದ ಚಿತ್ರಗಳಾಗಿ ಮಾತ್ರ ಉಳಿಯುತ್ತಿದ್ದವು.

ಅಟ್ಜೆಯವರ ಮರಣಾನಂತರ ಅವರ ಬಳಿ ಉಳಿದಿದ್ದ ಸಂಗ್ರಹವನ್ನು ಅಮೆರಿಕದ ಛಾಯಾಗ್ರಾಹಕಿ ಬೆರೆನಿಸ್ ಅಬಟ್ ಕಾಪಾಡಿದರು. 1968ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು. ಅಬಟ್ ಅವರೇ 1930ರ ದಶಕದಲ್ಲಿ, ಹಳೆಯ ಕಟ್ಟಡಗಳು ಉರುಳಿ ಹೊಸವು ಮೇಲೇಳುತ್ತಿದ್ದ ನ್ಯೂಯಾರ್ಕ್ ನಗರವನ್ನು ಇದೇ ಬಗೆಯಲ್ಲಿ ಚಿತ್ರಿಸಿದರು.

ನಮ್ಮವರೇ ಆದ ಟಿ. ಎಸ್. ಸತ್ಯನ್ (1923–2009) ಮೈಸೂರಿನವರು. ಸಾಮಾನ್ಯ ಜನರ ದಿನದ ಬದುಕನ್ನು ತಮ್ಮ ಮುಖ್ಯ ವಸ್ತುವನ್ನಾಗಿ ಮಾಡಿಕೊಂಡ ಛಾಯಾಗ್ರಾಹಕರಲ್ಲಿ ಅವರದು ದೊಡ್ಡ ಹೆಸರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ದೊಡ್ಡ ಘಟನೆ ನಡೆದಲ್ಲಿ ಮಾತ್ರ ಕ್ಯಾಮೆರಾ ತೆಗೆಯಬೇಕೆಂಬ ನಿಯಮವಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಇಂಥವರ ಉದಾಹರಣೆಯಿಂದ ಮನಗಾಣಿಸಬಹುದು.

ಸೊಲ್ಲಾಪುರದಲ್ಲಿ ಏನನ್ನು ನೋಡಬಹುದು?

ವಿದ್ಯಾರ್ಥಿಗಳಿಗೆ "ನಿಮ್ಮ ಊರಿನ ಚಿತ್ರ ತೆಗೆಯಿರಿ" ಎಂದಷ್ಟೇ ಹೇಳಿದರೆ ಎಲ್ಲರೂ ದೇವಸ್ಥಾನದ ಗೋಪುರವನ್ನೋ ಕೋಟೆಯ ಬುರುಜನ್ನೋ ತೆಗೆದು ತರುತ್ತಾರೆ. ಅವು ತಪ್ಪಲ್ಲ. ಆದರೆ ಅವುಗಳ ಚಿತ್ರಗಳು ಈಗಾಗಲೇ ಬೇಕಾದಷ್ಟಿವೆ. ನೋಟವನ್ನು ನಿತ್ಯದ ವಸ್ತುಗಳ ಕಡೆಗೆ ತಿರುಗಿಸಲು ಕೆಳಗಿನ ಕ್ಷೇತ್ರಗಳು ಉಪಯುಕ್ತ.

ಮೊದಲನೆಯದು ಅಕ್ಷರಗಳು. ಸೊಲ್ಲಾಪುರದ ಒಂದೇ ಬೀದಿಯಲ್ಲಿ ದೇವನಾಗರಿ, ಕನ್ನಡ, ತೆಲುಗು, ಉರ್ದು ಮತ್ತು ಇಂಗ್ಲಿಷ್ ಬರಹಗಳು ಕಾಣಸಿಗಬಹುದು. ಕನ್ನಡ ಲಿಪಿಯ ಫಲಕಗಳನ್ನು ಹುಡುಕುವುದು ಒಂದು ಅಭ್ಯಾಸವಾದರೆ, ಬೇರೆ ಲಿಪಿಯೊಳಗೆ ಇರುವ ಕನ್ನಡವನ್ನು ಗುರುತಿಸುವುದು ಇನ್ನೂ ರುಚಿಕರವಾದ ಅಭ್ಯಾಸ. ಹಿರೇಮಠ, ಕಲಶೆಟ್ಟಿ, ಕುಂಬಾರ ಮುಂತಾದ ಮನೆತನದ ಹೆಸರುಗಳು ಅಂಗಡಿಗಳ ಮೇಲೆ ದೇವನಾಗರಿಯಲ್ಲಿ ಇರುತ್ತವೆ. 1930ರ ಸೈನಿಕ ಆಡಳಿತದ ನಂತರ 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದ ನಾಲ್ವರು ಹುತಾತ್ಮರೆಂದರೆ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್ ಮತ್ತು ಜಗನ್ನಾಥ ಶಿಂದೆ. ನಗರದ ನಡುವೆ ನಿಂತ ಅವರ ನಾಲ್ಕು ಪ್ರತಿಮೆಗಳ ಮುಂದೆ ಮಕ್ಕಳು ದಿನವೂ ಹಾದುಹೋಗುತ್ತಾರೆ. ಆ ನಾಲ್ಕು ಹೆಸರುಗಳನ್ನು ನಿಂತು ಓದಿಸಿದರೆ 'ಮಲ್ಲಪ್ಪ' ಎಂಬಲ್ಲಿನ 'ಅಪ್ಪ'ನನ್ನು ಮಗು ತಾನೇ ಗುರುತಿಸುತ್ತದೆ. ನಾಲ್ಕು ಹೆಸರುಗಳೂ ಸೇರಿ ಇದು ಎಂಥ ಊರು ಎಂಬುದನ್ನು ಹೇಳುತ್ತವೆ.

ಊರಿನ ಹೆಸರೇ ಇನ್ನೊಂದು ಪಾಠ. ಕನ್ನಡದಲ್ಲಿ ನಾವು 'ಸೊಲ್ಲಾಪುರ' ಎಂದು ಲಕಾರವನ್ನು ಒತ್ತಿ ಬರೆಯುತ್ತೇವೆ. ಮರಾಠಿಯಲ್ಲಿ ಕೊನೆಯ 'ಪೂರ' ದೀರ್ಘ. ಹಿಂದಿಯಲ್ಲಿ ಅದೇ 'ಪುರ' ಹ್ರಸ್ವ. ವಚನಕಾರ ಸಿದ್ಧರಾಮರ ಕಾಲದಲ್ಲಿ ಇದು ಸೊನ್ನಲಿಗೆ. ಊರಿನ ಬೇರೆ ಬೇರೆ ಫಲಕಗಳಲ್ಲಿ ಈ ಹೆಸರು ಎಷ್ಟು ಬಗೆಯಲ್ಲಿ ಬರೆಯಲ್ಪಟ್ಟಿದೆ ಎಂದು ಮಕ್ಕಳು ಪಟ್ಟಿ ಮಾಡಲಿ.

ಎರಡನೆಯದು ಗಿರಣಿ ಮತ್ತು ಮಗ್ಗ. 1877ರಲ್ಲಿ ಇಲ್ಲಿ ಆರಂಭವಾದ ನೂಲುವ ಮತ್ತು ನೇಯುವ ಗಿರಣಿಯನ್ನು ಜನ 'ಜುನಿ ಮಿಲ್' ಎಂದು ಕರೆದರು. ಅನಂತರ ಬಂದ ಗಿರಣಿಗಳೂ ಸೇರಿ ಊರಿನ ದಿನಚರಿಯನ್ನೇ ರೂಪಿಸಿದವು. ಆ ದೊಡ್ಡ ಗಿರಣಿಗಳ ಕಾಲ ಮುಗಿದಿದೆ. ಗೋಡೆ, ದ್ವಾರ, ಕಾರ್ಮಿಕರ ಚಾಳುಗಳ ಗುರುತುಗಳು ಅಲ್ಲಲ್ಲಿ ಉಳಿದಿವೆ. ಇನ್ನೊಂದೆಡೆ, ತೆಲುಗು ಮನೆಮಾತಿನ ಪದ್ಮಶಾಲಿ ನೇಕಾರರು ಬೆಳೆಸಿದ ಚಾದರ ಮತ್ತು ಟವೆಲುಗಳ ಉದ್ಯಮದಲ್ಲಿ ಯಂತ್ರಮಗ್ಗಗಳು ಇಂದಿಗೂ ಸದ್ದುಮಾಡುತ್ತಿವೆ. ಚಾದರದ ಮೇಲೆ ಹೂವು, ನವಿಲು ಮೂಡಿಸುವ ಜಕಾರ್ಡ್ ಮಗ್ಗದ ಮೇಲ್ಭಾಗದಲ್ಲಿ ತೂತುಗಳಿರುವ ರಟ್ಟಿನ ಪಟ್ಟಿಗಳ ಸರಣಿ ತೂಗಾಡುವುದನ್ನು ನೋಡಬಹುದು. ತೂತು ಇದ್ದಲ್ಲಿ ಕೊಕ್ಕೆಯೊಂದು ಹಾಸಿನ ಎಳೆಯನ್ನು ಮೇಲೆತ್ತುತ್ತದೆ, ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಪಟ್ಟಿಯೊಂದು ಸರಿದಂತೆ ಹೊಕ್ಕಿನ ಎಳೆಯೊಂದು ಸೇರಿ ಚಿತ್ತಾರ ಬೆಳೆಯುತ್ತದೆ. ಪಠ್ಯದಲ್ಲಿ 'ಹಾಸುಹೊಕ್ಕಾಗಿದೆ' ಎಂಬ ನುಡಿಗಟ್ಟನ್ನು ಕಂಠಪಾಠ ಮಾಡಿದ ಮಗುವಿಗೆ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು ಎಂದು ಮಗ್ಗದ ಮುಂದೆ ತೋರಿಸಿದರೆ ಆ ನುಡಿಗಟ್ಟು ಮತ್ತೆ ಮರೆಯದು.

ಮೂರನೆಯದು ಕೆರೆ ಮತ್ತು ಜಾತ್ರೆ. ಸಿದ್ಧರಾಮರು ಕಟ್ಟಿಸಿದರೆಂದು ನಂಬಲಾದ ಕೆರೆಯ ನಡುವಿನ ಸಿದ್ಧೇಶ್ವರ ದೇವಾಲಯವೂ, ಮಕರ ಸಂಕ್ರಾಂತಿಯ ವೇಳೆಗೆ ನಡೆಯುವ ಗಡ್ಡಾ ಯಾತ್ರೆಯೂ ಪ್ರಸಿದ್ಧ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು 7 ನಂದಿಧ್ವಜಗಳನ್ನು ಎತ್ತಿ ಹಿಡಿದು, ಸಿದ್ಧರಾಮರು ಸ್ಥಾಪಿಸಿದರೆನ್ನಲಾದ 68 ಲಿಂಗಗಳನ್ನು ಸಂದರ್ಶಿಸುತ್ತಾರೆ. ಮೆರವಣಿಗೆಯ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನಮ್ಮ ವಿದ್ಯಾರ್ಥಿಗಳು ಆ 68 ಲಿಂಗಗಳಲ್ಲಿ ತಮ್ಮ ಮನೆಗೆ ಹತ್ತಿರವಾದ ಒಂದನ್ನು ಆರಿಸಿ, ಜಾತ್ರೆಯಿಲ್ಲದ ದಿನ ಅದರ ಸುತ್ತ ಏನಿರುತ್ತದೆ ಎಂಬುದನ್ನು ಚಿತ್ರಿಸಲಿ. ಪಕ್ಕದಲ್ಲಿ ಸೈಕಲ್ ದುರಸ್ತಿಯ ಅಂಗಡಿ ಇರಬಹುದು, ಒಣಗಲು ಹಾಕಿದ ಬಟ್ಟೆ ಇರಬಹುದು. ಅಕ್ಷತೆಯ ಸಮಾರಂಭ ನಡೆಯುವ ಸ್ಥಳದ ಹೆಸರು 'ಸಮ್ಮತಿ ಕಟ್ಟೆ'. ನಮ್ಮ 'ಕಟ್ಟೆ'ಯನ್ನೂ ಮರಾಠಿಯ 'ಕಟ್ಟಾ'ವನ್ನೂ ಅಕ್ಕಪಕ್ಕ ಇಟ್ಟು ನೋಡಲು ಇದು ತಕ್ಕ ಸಂದರ್ಭ.

ನಾಲ್ಕನೆಯದು ಮನೆ. ಜೋಳದ ಖಡಕ್ ರೊಟ್ಟಿಗಳ ಅಟ್ಟಿ, ಶೇಂಗಾ ಚಟ್ನಿ ಕುಟ್ಟುವ ಒರಳು, ಬಾಗಿಲಿಗೆ ಕಟ್ಟಿದ ತೋರಣ, ಗೋಡೆಯ ಮಾಡ ಇವುಗಳಿಗಾಗಿ ಊರೆಲ್ಲ ತಿರುಗಬೇಕಿಲ್ಲ. ಹೊರಗೆ ಹೋಗಲಾಗದ ವಿದ್ಯಾರ್ಥಿಗಳಿಗೆ ಈ ಕ್ಷೇತ್ರವನ್ನು ಕೊಡಬಹುದು.

ಅಡಿಬರಹ: ಚಟುವಟಿಕೆಯ ಹೃದಯ

ಚಿತ್ರ ತೆಗೆಯುವುದು ಒಂದು ಕ್ಷಣದ ಕೆಲಸ. ಭಾಷೆಯ ಕಲಿಕೆ ನಡೆಯುವುದು ಅಡಿಬರಹದಲ್ಲಿ. ಹಳೆಯ ಗಿರಣಿಯೊಂದರ ಚಿಮಣಿಯ ಚಿತ್ರವನ್ನು ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಂದಿದ್ದಾಳೆಂದು ಕಲ್ಪಿಸಿಕೊಳ್ಳೋಣ. ಅವಳ ಮೊದಲ ಬರಹ ಹೀಗಿರಬಹುದು:

"ಇದು ಚಿಮಣಿ."

ಶಿಕ್ಷಕರು ಇದನ್ನು ತಿದ್ದದೆ ಮೂರು ಪ್ರಶ್ನೆ ಕೇಳಲಿ: ಎಲ್ಲಿದೆ? ನೀನು ಎಲ್ಲಿ ನಿಂತು ತೆಗೆದೆ? ಯಾವಾಗ ತೆಗೆದೆ? ಆಗ ಬರಹ ಬೆಳೆಯುತ್ತದೆ:

"ಇದು ಹಳೆಯ ಬಟ್ಟೆ ಗಿರಣಿಯ ಚಿಮಣಿ. ನಮ್ಮ ಮಾಳಿಗೆಯ ಮೇಲೆ ನಿಂತು ಬೆಳಿಗ್ಗೆ ಎಂಟು ಗಂಟೆಗೆ ತೆಗೆದದ್ದು."

ಇನ್ನು ಅವಳು ಮನೆಯ ಹಿರಿಯರನ್ನು ಕೇಳಿಬರಲಿ. ಮೂರನೆಯ ಬರಹ ಹೀಗಾಗುತ್ತದೆ:

"ಇದು ಹಳೆಯ ಬಟ್ಟೆ ಗಿರಣಿಯ ಚಿಮಣಿ. ನಮ್ಮ ಮಾಳಿಗೆಯ ಮೇಲೆ ನಿಂತು ಬೆಳಿಗ್ಗೆ ಎಂಟು ಗಂಟೆಗೆ ತೆಗೆದದ್ದು. ಇದರಿಂದ ಹೊಗೆ ಬರುವುದನ್ನು ನಾನು ನೋಡಿಲ್ಲ. ಮುತ್ತಜ್ಜ ಈ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರಂತೆ. ನಸುಕಿನ ಭೋಂಗಾ ಕೂಗುವ ಮುಂಚೆಯೇ ಮುತ್ತಜ್ಜಿ ರೊಟ್ಟಿ ಬಡಿಯುತ್ತಿದ್ದಳಂತೆ. ಚಿಮಣಿಯ ತುದಿಯಲ್ಲಿ ಗಿಡ ಬೆಳೆದಿದೆ. ಹಕ್ಕಿಗಳು ಬೀಜ ತಂದು ಹಾಕಿರಬಹುದು."

ಈ ಬರಹದಲ್ಲಿ ಮೂರು ಬಗೆಯ ತಿಳಿವಳಿಕೆ ಇದೆ. ಅವಳು ಕಣ್ಣಾರೆ ಕಂಡದ್ದನ್ನು 'ಬೆಳೆದಿದೆ' ಎಂದು ಬರೆದಿದ್ದಾಳೆ. ಇತರರಿಂದ ಕೇಳಿದ್ದಕ್ಕೆ 'ಅಂತೆ' ಸೇರಿಸಿದ್ದಾಳೆ. ತಾನು ಊಹಿಸಿದ್ದಕ್ಕೆ 'ಇರಬಹುದು' ಬಳಸಿದ್ದಾಳೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಇವನ್ನು ಬೇರೆ ಬೇರೆಯಾಗಿ ಹೇಳಲು ಕನ್ನಡವು ಇಷ್ಟು ಸರಳವಾದ ಸಾಧನಗಳನ್ನು ಕೊಟ್ಟಿದೆ. ಮಕ್ಕಳು ಮನೆಮಾತಿನಲ್ಲಿ ಇವನ್ನು ತಪ್ಪಿಲ್ಲದೆ ಬಳಸುತ್ತಾರೆ. ಬರಹಕ್ಕೆ ಬಂದಾಗ ಮಾತ್ರ ಎಲ್ಲವನ್ನೂ 'ಇದೆ', 'ಇತ್ತು' ಎಂದು ಒಂದೇ ಸಮನಾಗಿ ಬರೆದುಬಿಡುತ್ತಾರೆ. ಈ ವ್ಯತ್ಯಾಸವನ್ನು ಉಳಿಸಿಕೊಂಡು ಬರೆಯುವುದು ವ್ಯಾಕರಣದ ಅಭ್ಯಾಸವೂ ಹೌದು, ಸತ್ಯವನ್ನು ಎಚ್ಚರದಿಂದ ಹೇಳುವ ಅಭ್ಯಾಸವೂ ಹೌದು. ಮುಂದೆ ಇತಿಹಾಸವನ್ನೋ ವಿಜ್ಞಾನವನ್ನೋ ಕಲಿಯುವಾಗ ಇದೇ ಅಡಿಗಲ್ಲಾಗುತ್ತದೆ.

ಇದೇ ಚಿತ್ರದಿಂದ ಪದಗಳ ಪಾಠವೂ ಹುಟ್ಟುತ್ತದೆ. ಮರಾಠಿಯಲ್ಲಿ 'ಚಿಮಣಿ' ಎಂದರೆ ಗುಬ್ಬಿಯೂ ಹೌದು, ಕಾರ್ಖಾನೆಯ ಹೊಗೆಗೊಳವೆಯೂ ಹೌದು. ಉತ್ತರ ಕರ್ನಾಟಕದ ಮನೆಗಳಲ್ಲಿ ಚಿಮಣಿ ಎಂದರೆ ದೀಪ, ಚಿಮಣಿ ಎಣ್ಣೆ ಎಂದರೆ ಸೀಮೆಎಣ್ಣೆ. ಒಂದೇ ಉಚ್ಚಾರದ ಮಾತು ಹಕ್ಕಿ, ದೀಪ, ಗೋಪುರ ಮೂರನ್ನೂ ಸೂಚಿಸುವುದನ್ನು ಕಂಡು ಮಕ್ಕಳು ನಗುತ್ತಾರೆ. ಆ ನಗುವಿನ ಹಿಂದೆಯೇ 'ಯಾವ ಭಾಷೆಯಲ್ಲಿ ಏನು ಅರ್ಥ' ಎಂಬ ವಿಚಾರ ಆರಂಭವಾಗುತ್ತದೆ. 'ಭೋಂಗಾ', 'ಚಾಳ' ಮೊದಲಾದ ಮರಾಠಿ ಪದಗಳು ಅಡಿಬರಹದಲ್ಲಿ ಬಂದರೆ ಅಳಿಸಬಾರದು. ಊರಿನಲ್ಲಿ ಆ ವಸ್ತುವಿಗೆ ಅದೇ ಹೆಸರು. ಅಗತ್ಯವೆನಿಸಿದರೆ ಕನ್ನಡದ ವಿವರಣೆಯನ್ನು ಪಕ್ಕದಲ್ಲಿ ಬರೆಸಿದರೆ ಸಾಕು.

ತರಗತಿಯಲ್ಲಿ ನಡೆಸುವ ಕ್ರಮ

ಎಲ್ಲ ಮಕ್ಕಳ ಮನೆಯಲ್ಲೂ ಮೊಬೈಲ್ ಇರಲಾರದು. ಇದ್ದರೂ ಮಗುವಿನ ಕೈಗೆ ಸಿಗಲಾರದು. ಆದ್ದರಿಂದ ಶಿಕ್ಷಕರ ಬಳಿ ಇರುವ ಒಂದೇ ಮೊಬೈಲನ್ನು ಆಧರಿಸಿ ಚಟುವಟಿಕೆಯನ್ನು ಯೋಜಿಸುವುದು ನ್ಯಾಯ.

ಮೊದಲ ವಾರ ಕ್ಯಾಮೆರಾ ಬೇಡ. ಶಾಲೆಗೆ ಬರುವ ದಾರಿಯಲ್ಲಿ ದಿನವೂ ಕಾಣುವ, ಆದರೆ ಇದುವರೆಗೆ ನಿಂತು ನೋಡದ ಮೂರು ವಸ್ತುಗಳನ್ನು ಪ್ರತಿಯೊಬ್ಬರೂ ಬರೆದುಕೊಂಡು ಬರಲಿ. ಪಟ್ಟಿಯನ್ನು ತರಗತಿಯಲ್ಲಿ ಓದಿಸಿ, ಪ್ರತಿಯೊಬ್ಬರೂ ಒಂದನ್ನು ಆರಿಸಿಕೊಳ್ಳಲಿ. ಅದನ್ನೇ ಏಕೆ ಆರಿಸಿದೆ ಎಂಬುದಕ್ಕೆ ಒಂದು ವಾಕ್ಯದ ಕಾರಣ ಬೇಕು.

ಎರಡನೆಯ ವಾರ ಐದಾರು ಮಕ್ಕಳ ಗುಂಪುಗಳಾಗಿ ಶಿಕ್ಷಕರೊಡನೆ ಹೊರಟು ಚಿತ್ರ ತೆಗೆಯಲಿ. ಒಬ್ಬರಿಗೆ ಒಂದೇ ಚಿತ್ರ ಎಂಬ ನಿಯಮವಿರಲಿ. ಫಿಲ್ಮ್ ಸುರುಳಿಯ ಕಾಲದಲ್ಲಿ ಒಂದು ಸುರುಳಿಗೆ ಸಾಮಾನ್ಯವಾಗಿ 36 ಚಿತ್ರಗಳಷ್ಟೇ ದೊರೆಯುತ್ತಿದ್ದವು. ಹೀಗಾಗಿ ಗುಂಡಿ ಒತ್ತುವ ಮುಂಚೆ ಜನ ಯೋಚಿಸುತ್ತಿದ್ದರು. ಒಂದೇ ಅವಕಾಶವಿದ್ದಾಗ ಮಗು ವಸ್ತುವಿನ ಸುತ್ತ ಒಮ್ಮೆ ನಡೆಯುತ್ತದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆಯೆಂದು ನೋಡುತ್ತದೆ, ಚೌಕಟ್ಟಿನೊಳಗೆ ಏನು ಬರಬೇಕು, ಏನು ಬೇಡ ಎಂದು ತೀರ್ಮಾನಿಸುತ್ತದೆ.

ಮೂರನೆಯ ವಾರ ಅಡಿಬರಹದ ಕೆಲಸ. ನಾಲ್ಕನೆಯ ವಾರ ಪರಸ್ಪರ ಓದು, ತಿದ್ದುಪಡಿ ಮತ್ತು ಪ್ರದರ್ಶನ. ಮುದ್ರಣಕ್ಕೆ ಹಣವಿಲ್ಲದಿದ್ದರೆ ವಿದ್ಯಾರ್ಥಿ ಆ ಚಿತ್ರವನ್ನು ನೋಡಿ ಕೈಯಿಂದ ರೇಖಾಚಿತ್ರ ಬರೆದು ಅದರ ಕೆಳಗೆ ಅಡಿಬರಹ ಬರೆಯಬಹುದು.

ಕೆಲವು ತಾಂತ್ರಿಕ ಸೂಚನೆಗಳು

ಚಿತ್ರ ತೆಗೆಯುವ ಮುಂಚೆ ಮೊಬೈಲಿನ ಮಸೂರವನ್ನು ಮೃದುವಾದ ಬಟ್ಟೆಯಿಂದ ಒರೆಸಬೇಕು. ಚಿತ್ರ ಮಬ್ಬಾಗಲು ಬೆರಳಿನ ಎಣ್ಣೆಯ ಕಲೆಯೇ ಅನೇಕ ಸಲ ಕಾರಣ. ಪರದೆಯ ಮೇಲೆ ಬೆರಳಾಡಿಸಿ ದೊಡ್ಡದು ಮಾಡುವ ಬದಲು ವಸ್ತುವಿನ ಹತ್ತಿರ ನಡೆದುಹೋಗಬೇಕು. ಫಲಕದ ಚಿತ್ರವನ್ನು ನೇರ ಎದುರಿನಲ್ಲಿ ನಿಂತು ತೆಗೆದರೆ ಅಕ್ಷರಗಳು ವಾರೆಯಾಗುವುದಿಲ್ಲ. ಚಿಕ್ಕ ವಸ್ತುವಾದರೆ ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟರೆ ಗಾತ್ರ ತಿಳಿಯುತ್ತದೆ.

ಕಲ್ಲಿನ ಮೇಲಿನ ಸವೆದ ಕೆತ್ತನೆ ಅಥವಾ ಶಾಸನಾಕ್ಷರಗಳನ್ನು ನಡುಹಗಲಿನ ಬೆಳಕಿನಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರಗಳ ತಗ್ಗಿನಲ್ಲಿ ನೆರಳು ನಿಂತು ಅವು ಓದುವಂತಾಗುತ್ತವೆ. ಅಕ್ಷರ ಎದ್ದುಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ, ಕುಂಕುಮ ಯಾವುದನ್ನೂ ಕಲ್ಲಿಗೆ ಹಚ್ಚಬಾರದು.

ಮೊಬೈಲ್ ಪ್ರತಿ ಚಿತ್ರದೊಡನೆ ದಿನಾಂಕವನ್ನೂ, ಅನುಮತಿ ಕೊಟ್ಟಿದ್ದರೆ ಸ್ಥಳವನ್ನೂ ತನ್ನಷ್ಟಕ್ಕೆ ದಾಖಲಿಸಿಕೊಳ್ಳುತ್ತದೆ. ಆದರೆ ವಾಟ್ಸ್ಆ್ಯಪ್ ಮೂಲಕ ಚಿತ್ರವನ್ನು ಸಾಧಾರಣ ರೀತಿಯಲ್ಲಿ ಕಳಿಸಿದಾಗ ಅದರ ಗಾತ್ರ ಕುಗ್ಗುತ್ತದೆ, ಆ ದಾಖಲೆಯೂ ಅಳಿಸಿಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಚಿತ್ರ ಹಾಗೆಯೇ ತಲುಪುತ್ತದೆ. ಹೇಗಿದ್ದರೂ ಒಂದು ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಸ್ಥಳ, ತೆಗೆದವರ ಹೆಸರು ಮತ್ತು ಮಾಹಿತಿ ಕೊಟ್ಟವರ ಸಂಬಂಧ ಈ ಐದು ಅಂಶಗಳನ್ನು ಕೈಯಿಂದ ಬರೆದಿಡುವುದು ಕ್ಷೇಮ. ಮೊಬೈಲ್ ಕೆಟ್ಟರೂ ಪುಸ್ತಕ ಉಳಿಯುತ್ತದೆ.

ಅನುಮತಿ ಮತ್ತು ಸೌಜನ್ಯ

ಮನುಷ್ಯರ ಚಿತ್ರವನ್ನು ಅವರನ್ನು ಕೇಳದೆ ತೆಗೆಯಬಾರದು. ಕೇಳುವ ಬಗೆಯನ್ನು ತರಗತಿಯಲ್ಲಿಯೇ ಅಭಿನಯಿಸಿ ಕಲಿಸಬಹುದು. "ಕಾಕಾ, ನಿಮ್ಮ ಮಗ್ಗದ್ದು ಒಂದು ಫೋಟೊ ತಗೀಲೇನ್ರಿ? ಸಾಲ್ಯಾಗ ಪಾಠಕ್ಕ ಬೇಕಾಗ್ಯದ" ಎಂದು ಮನೆಮಾತಿನಲ್ಲಿಯೇ ಕೇಳಲಿ. ನೇಕಾರರು ತೆಲುಗಿನವರಾದರೆ ಮರಾಠಿಯಲ್ಲೋ ತೆಲುಗಿನಲ್ಲೋ ಹೇಗೆ ಕೇಳಬೇಕೆಂದು ಆ ಭಾಷೆ ಬಲ್ಲ ಸಹಪಾಠಿಯಿಂದ ಕಲಿತು ಹೋಗಲಿ. ಅವರು ಬೇಡವೆಂದರೆ "ಆಗ್ಲಿ ಬಿಡ್ರಿ" ಎಂದು ಮರಳಬೇಕು. ಹಾಗೆ ಮರಳಿದ್ದನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬಹುದು. ಚಿತ್ರಕ್ಕೆ ಒಪ್ಪಿದವರಿಗೆ ಮುದ್ರಿತ ಪ್ರತಿಯನ್ನೋ ಅಡಿಬರಹವನ್ನೋ ತೋರಿಸಿ ಬರುವುದು ಮರ್ಯಾದೆ.

'ವಿಚಿತ್ರ' ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಗೋಡೆ ಸೀಳಿ ಬೆಳೆದ ಗಿಡ, ತಪ್ಪಾಗಿ ಬರೆದ ಫಲಕ, ಎಲ್ಲಿಗೂ ಹೋಗದ ಮೆಟ್ಟಿಲು ಇವು ವಿಚಿತ್ರವಾಗಿರಬಹುದು. ಒಬ್ಬರ ಬಡತನ, ಅಂಗವೈಕಲ್ಯ, ಉಡುಪು, ಆಹಾರ ಅಥವಾ ಆಚರಣೆ ವಿಚಿತ್ರದ ಪಟ್ಟಿಗೆ ಸೇರಬಾರದು. ತಪ್ಪಾಗಿ ಬರೆದ ಫಲಕದ ಚಿತ್ರವನ್ನು ಹಾಸ್ಯಕ್ಕೆ ಬಳಸುವ ಬದಲು, ಬರೆದವರ ಮನೆಮಾತು ಯಾವುದಿರಬಹುದು, ಅವರ ಕಿವಿಗೆ ಆ ಪದ ಹೇಗೆ ಕೇಳಿಸಿರಬಹುದು ಎಂದು ವಿಚಾರ ಮಾಡಿಸುವುದು ಹೆಚ್ಚು ಫಲಕಾರಿ.

ರೈಲು ನಿಲ್ದಾಣ, ಕಾರ್ಖಾನೆ, ಕೋಟೆ, ದೇವಾಲಯದ ಒಳಭಾಗ ಮುಂತಾದೆಡೆ ಸಂಬಂಧಪಟ್ಟವರ ಅನುಮತಿಯನ್ನು ಶಿಕ್ಷಕರೇ ಮುಂಚಿತವಾಗಿ ಪಡೆಯಬೇಕು. ಅನುಮತಿ ದೊರೆಯದಿದ್ದಲ್ಲಿ ಕಣ್ಣಿನಿಂದ ನೋಡಿ ಬರೆದುಕೊಂಡು ಬಂದರೆ ಸಾಕು. ಮಕ್ಕಳ ಮುಖವಿರುವ ಚಿತ್ರಗಳನ್ನು ಶಾಲೆಯ ಹೊರಗೆ ಹಂಚಬಾರದು.

ಮೌಲ್ಯಮಾಪನ ಮತ್ತು ಸಂಗ್ರಹ

ಈ ಚಟುವಟಿಕೆಯಲ್ಲಿ ಚಿತ್ರದ ಅಂದಕ್ಕೆ ಅಂಕ ಕೊಡಬಾರದು. ಒಳ್ಳೆಯ ಮೊಬೈಲ್ ಇರುವ ಮಗುವಿಗೆ ಅದರಿಂದ ಅನುಚಿತ ಲಾಭವಾಗುತ್ತದೆ. ವಸ್ತುವಿನ ಆಯ್ಕೆಗೆ ಕೊಟ್ಟ ಕಾರಣ, ಸ್ಥಳ ಮತ್ತು ಕಾಲದ ಖಚಿತತೆ, ಕಂಡದ್ದು–ಕೇಳಿದ್ದು–ಊಹಿಸಿದ್ದರ ನಡುವಿನ ವ್ಯತ್ಯಾಸ, ಹಿರಿಯರಿಂದ ಪಡೆದ ಹೊಸ ಪದಗಳು ಇವನ್ನು ಪರಿಗಣಿಸಬೇಕು.

ಪ್ರತಿ ವರ್ಷದ ಚಿತ್ರಗಳನ್ನೂ ಅಡಿಬರಹಗಳನ್ನೂ ಶಾಲೆಯಲ್ಲಿ ಜೋಪಾನವಾಗಿ ಇಡಬೇಕು. ಮರುವರ್ಷದ ತರಗತಿಯು ಅದೇ ಸ್ಥಳಗಳಲ್ಲಿ ಕೆಲವಕ್ಕೆ ಹೋಗಿ, ಅದೇ ಜಾಗದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆಯಲಿ. ಕೈಬರಹದ ಫಲಕದ ಬದಲು ಫ್ಲೆಕ್ಸ್ ಬಂದಿರುತ್ತದೆ, ಕಟ್ಟೆ ಒಡೆದು ಗಟಾರು ಹಾಕಿರುತ್ತಾರೆ, ಅಥವಾ ಏನೂ ಬದಲಾಗಿರುವುದಿಲ್ಲ. ಹತ್ತು ವರ್ಷ ಹೀಗೆ ನಡೆದರೆ ಆ ಶಾಲೆಯ ಕಪಾಟಿನಲ್ಲಿ ಬೇರೆಲ್ಲಿಯೂ ಇಲ್ಲದ, ಕನ್ನಡದಲ್ಲಿ ಬರೆದ ಓಣಿಯ ಚರಿತ್ರೆಯೊಂದು ಸಿದ್ಧವಾಗಿರುತ್ತದೆ.

ಅಕ್ಕಲಕೋಟೆಯ ಶಿಕ್ಷಕರು ಸ್ವಾಮಿ ಸಮರ್ಥರ ಮಠಕ್ಕೆ ಬರುವ ಯಾತ್ರಿಕರಿಗಾಗಿ ಹುಟ್ಟಿಕೊಂಡ ಸಣ್ಣ ವ್ಯಾಪಾರಗಳನ್ನು ಆರಿಸಿಕೊಳ್ಳಬಹುದು. ಜತ್ತ ಭಾಗದವರಿಗೆ ಖಿಲಾರಿ ಎತ್ತುಗಳ ಕೊಂಬಿನ ಅಲಂಕಾರ, ಒಣದ್ರಾಕ್ಷಿ ಒಣಗಿಸುವ ಚಪ್ಪರ, ನೀರು ಹಿಡಿದಿಡುವ ಬಗೆಬಗೆಯ ಪಾತ್ರೆಗಳು ವಸ್ತುವಾಗಬಹುದು. ಊರು ಯಾವುದೇ ಇರಲಿ, ಮಗು ಮನೆಯಿಂದ ಶಾಲೆಗೆ ನಡೆದು ಬರುವ ದಾರಿಯಿಂದ ಆರಂಭಿಸುವುದು ಲೇಸು. ಮುಂದಿನ ಸೋಮವಾರ ತರಗತಿಗೆ ಹೋದಾಗ ಶಿಕ್ಷಕರು ಕರಿಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆಯಲಿ: "ಇಂದು ಬರುವ ದಾರಿಯಲ್ಲಿ ನೀನು ಕಂಡ, ನಾಳೆ ಇಲ್ಲದೆ ಹೋಗಬಹುದಾದ ವಸ್ತು ಯಾವುದು?" ಉತ್ತರಗಳು ಯಾವ ಭಾಷೆಯಲ್ಲಿ ಬಂದರೂ ಕೇಳಿಸಿಕೊಂಡು, ಅವನ್ನು ಕನ್ನಡದಲ್ಲಿ ಬರೆಯಲು ಮಕ್ಕಳಿಗೆ ನೆರವಾದರೆ ಪಾಠ ಆರಂಭವಾದಂತೆಯೇ.